ಸೊಪ್ಪಿನ ಬೆಟ್ಟದಲ್ಲಿ ಚಾರ್ಜರ್

ಗೋವಿಂದ ಹೆಗಡೆ ಸಿಮೆಂಟು ಕಟ್ಟೆಯ ಬುಡಕ್ಕೆ ಹಾರೆ ತೂರಿಸಿ ಮೀಟುತ್ತಿದ್ದಾಗ ಪ್ರತಿಭಾ ಓಡಿಬಂದು ಹಾರೆಯ ಇನ್ನೊಂದು ತುದಿ ಹಿಡಿದಳು.

"ಬಿಡ್ರಿ ಹೆಗಡೇರೆ! ನಿಮ್ಮಪ್ಪ ಕಟ್ಸಿದ್ದಲ್ಲ ಇದು."

"ಕಟ್ಟೆ ನಿಂದೇ ಮಾರಾಯ್ತಿ. ಬೆಟ್ಟ ಯಾರದ್ದು?"

"ಅರ್ಧ ನಮ್ದು."

ಹೆಗಡೆಗೆ ನುಂಗಲಾಗದ ಮಾತು ಅದೇ. ಪ್ರತಿಭಾಳ ಅಜ್ಜ ಅವರ ಮನೆಯ ಗೇಣಿದಾರ. ಗೇಣಿ ತೋಟ ಅಜ್ಜನ ಹೆಸರಿಗಾದಾಗ, ತೋಟಕ್ಕೆ ಸೊಪ್ಪು ಕಡಿಯುವ ಈ ಬೆಟ್ಟದಲ್ಲೂ ಪಾಲು ಬಂತು. ಅಂದಿನಿಂದ ಎರಡೂ ಮನೆಯವರ ಬಾಯಲ್ಲಿ ಇದು 'ನಮ್ಮ ಬೆಟ್ಟ'. ಕಾರು ಚಾರ್ಜ್ ಮಾಡುವ ಯಂತ್ರ ಕೂರಿಸಲೆಂದೇ ಈ ಕಟ್ಟೆ ಕಟ್ಟಿಸಿ, ಪಂಚಾಯ್ತಿಯ ಒಪ್ಪಿಗೆ ಕೇಳುವಾಗ ಪ್ರತಿಭಾ 'ಸ್ವಂತ ಜಾಗ' ಎಂದೇ ಬರೆದಿದ್ದಳು. ಸುಳ್ಳು ಬರೆಯುತ್ತಿದ್ದೇನೆ ಅಂತ ಅನ್ನಿಸಿರಲೇ ಇಲ್ಲ.

ಹೆಗ್ಗರಣೆ ಊರಿನ ಮೇಲೆ ಹಾದು ಜಲಪಾತಕ್ಕೆ ಹೋಗುವ ಕಾರುಗಳು, ರಸ್ತೆಯಿಂದ ಮೆಟ್ಟಿಲು ಹತ್ತಿ ಬರಬೇಕಾದ ಅವಳ ಕ್ಯಾಂಟೀನಿಗೆ ಧೂಳೆಬ್ಬಿಸಿ ಹೋಗುತ್ತಿದ್ದವೇ ಹೊರತು ನಿಲ್ಲುತ್ತಿರಲಿಲ್ಲ. ಚಾರ್ಜಿಗೆ ನಿಂತವರು ಊಟಕ್ಕೂ ಕೂತಾರು. ಇಲ್ಲವಾದರೆ ಬಾಗಿಲು ಹಾಕುವುದೇ.

ಪಂಚಾಯ್ತಿಯ ಪಿಡಿಒ ಚಂದ್ರಶೇಖರಪ್ಪ ಹಾವೇರಿ ಕಡೆಯವರು. ಜಾಗ ನೋಡಲು ಬಂದವರು ಬೈಕಿನಿಂದ ಇಳಿಯದೆ ಹೇಳಿದರು:

"ಜಗಳಾ ಸಾಕ್ ಮಾಡ್ರಿ. ಸೊಪ್ಪಿನ ಬೆಟ್ಟ ಸರ್ಕಾರದ್ದು, ಅದರಾಗ ಸೊಪ್ಪು ಅಷ್ಟೇ ಕಡೀಬೇಕ್ರಿ, ಏನೂ ಕಟ್ಟೂ ಹಂಗಿಲ್ಲ. ಪರ್ಮಿಟ್ ಕೊಡಾಕ ಬರೂದಿಲ್ಲ."

"ಇವ್ರು ಆ ಮೂಲೇಲಿ ಕಾರ್ ಶೆಡ್ ಕಟ್ಕಂಡಿದಾರಲ, ಅದಕ್ಕೆ ಯಾರು ಕೊಟ್ರು?" ಎಂದಳು ಪ್ರತಿಭಾ.

"ಅದಕ್ಕ ಅರ್ಜೀನ ಬಂದಿಲ್ಲ ನೋಡವಾ."

ಹೆಗಡೆ ಕಿಸಕ್ಕನೆ ನಕ್ಕರು.

"ನಿಮ್ಮ ಸ್ವಂತ ಜಾಗಾದಾಗ ಹಾಕ್ರಿ," ಎಂದರು ಪಿಡಿಒ.

"ನಮ್ ಜಾಗ ಮೆಟ್ಲ ಮೇಲದೆ. ಕಾರು ಹಾರ್ಕಂಡು ಬತ್ತದಾ?"

ಯಂತ್ರ ತಂದಿದ್ದ ಕಂಪನಿಯ ವ್ಯಾನಿನ ಡ್ರೈವರ್, ಪರ್ಮಿಟ್ ಇಲ್ಲದ ಜಾಗದಲ್ಲಿ ಇಳಿಸುವಂತಿಲ್ಲ, ಬೇರೆ ಊರಿನವರು ಕಾಯುತ್ತಿದ್ದಾರೆ ಎನ್ನುತ್ತಾ ಹಿಂಬಾಗಿಲು ಮುಚ್ಚಲು ಹೋದ.

"ತಡಿಯೋ," ಎಂದರು ಹೆಗಡೆ. ಹಾರೆಯನ್ನು ಬಿಡಿಸಿಕೊಂಡು ನೆಲಕ್ಕೂರಿ ಪ್ರತಿಭಾಳ ಕಡೆ ತಿರುಗಿದರು. ದನಿಗೆ ಬೆಣ್ಣೆ ಬಂದಿತ್ತು. "ನಮ್ಮನೆ ಅಂಗಳ ರಸ್ತೆಗೇ ಇದೆ. ಅಲ್ಲಿ ಹಾಕ್ಸು. ಮೀಟರು, ಪರ್ಮಿಟ್ಟು ನನ್ನ ಹೆಸರಲ್ಲಿರ್ಲಿ. ನೀನೂ ಅಲ್ಲೇ ಒಂದು ಮೂಲೇಲಿ ಚಾ ಮಾಡ್ಕಂಡಿರು, ಯಾರು ಬ್ಯಾಡ ಅಂದ್ರು? ನಿನ್ನಜ್ಜನೂ ನಮ್ಮಂಗಳದಲ್ಲೇ ಉಂಡು ಬೆಳೆದವ ಅಲ್ದಾ?"

ಪಿಡಿಒ ಪೆನ್ನು ತೆಗೆದರು. "ಹಂಗಾದ್ರ ಈಗಿಂದೀಗ ಬರದ್ ಕೊಡ್ತೀನಿ ನೋಡವಾ."

ಡ್ರೈವರನ ಕೈ ಬಾಗಿಲ ಮೇಲೆಯೇ ನಿಂತಿತು.

"ಬ್ಯಾಡ," ಎಂದಳು ಪ್ರತಿಭಾ. "ವ್ಯಾನ್ ಹೋಗ್ಲಿ."