ಹಗ್ಗ ಹಿಡಿದವನ ಹೆಸರಿನಲ್ಲಿ

ಕಾನಹೊಸಹಳ್ಳಿ ಕಡೆಯ ಹೊಲಗಳಲ್ಲಿ ಬಾವಿ ತೋಡುವ ಆಳುಗಳದ್ದೊಂದು ಮಾತಿತ್ತು: ಕೆಳಗೆ ಇಳಿದವನ ಜೀವ ಮೇಲೆ ಹಗ್ಗ ಹಿಡಿದವನ ಅಂಗೈಯಲ್ಲಿ. ಉಚ್ಚಂಗೆಪ್ಪ ಇಳಿಯುವವನು, ಸಾಮೇಲಪ್ಪ ಹಗ್ಗ ಹಿಡಿಯುವವನು. ಮೀಸೆ ಮೂಡುವ ಕಾಲದಿಂದ ಇಬ್ಬರದೂ ಹೀಗೇ ನಡೆದು ಬಂದಿತ್ತು. ಬೋರ್‌ವೆಲ್ ಲಾರಿಗಳು ಊರೂರಿಗೆ ಬರತೊಡಗಿದ ಆ ವರ್ಷಗಳಲ್ಲೂ ಹಳೇ ಬಾವಿ ಆಳ ಮಾಡಿಸುವವರು ಇವರಿಬ್ಬರನ್ನೇ ಹುಡುಕಿಕೊಂಡು ಬರುತ್ತಿದ್ದರು.

ಸಾಮೇಲಪ್ಪ ಕ್ರೈಸ್ತ. ಭಾನುವಾರ ಕೂಡ್ಲಿಗಿಯ ಪ್ರಾರ್ಥನೆ ತಪ್ಪಿಸಿದವನಲ್ಲ, ಸುಳ್ಳಾಡಿದವನಲ್ಲ. ಬೆಳಗ್ಗೆ ಉಚ್ಚಂಗೆಪ್ಪ ಕಬ್ಬಿಣದ ಬುಟ್ಟಿಗೆ ಕಾಲಿಡುವ ಮೊದಲು ಬಾವಿಯ ದಡದಲ್ಲಿ ಎರಡು ಕೆಲಸ ಆಗಲೇಬೇಕು. ಉಚ್ಚಂಗೆಪ್ಪ ಗಂಗಮ್ಮನಿಗೆ ಕರ್ಪೂರ ಹಚ್ಚುವನು. ಅದನ್ನು ನೋಡಬಾರದೆಂದು ಸಾಮೇಲಪ್ಪ ಮುಖ ತಿರುಗಿಸಿ ಜಾಲಿಗಿಡದ ಕಡೆ ನಿಲ್ಲುವನು. ಆಮೇಲೆ ಆಳುಗಳೆಲ್ಲ ತಲೆಯ ಟವೆಲ್ ತೆಗೆಯುವರು. ಸಾಮೇಲಪ್ಪ ಕಣ್ಣು ಮುಚ್ಚಿ, ತಂದೆಯೇ, ಇಳಿಯುವವನನ್ನು ಸಂಜೆಗೆ ನಮ್ಮ ಕೈಗೆ ಕೊಡು ಎಂದು ಬೇಡುವನು. ಮೊದಮೊದಲು ಕಿಸಕ್ಕನೆ ನಕ್ಕವರಿದ್ದರು. ಅವರ ಬಾಯಿ ಮುಚ್ಚಿಸಿದವನು ಉಚ್ಚಂಗೆಪ್ಪನೇ.

"ಮ್ಯಾಗಿನಾವಗ ಇವ ಹೇಳ್ತಾನ, ಕೆಳಗಿನಾಕಿಗೆ ನಾ ಹೇಳ್ತೀನಿ. ನಡುವ ಹಗ್ಗ ಐತಲ್ಲ, ಅದು ಗಟ್ಟಿ ಇದ್ರ ಸಾಕು."

ಹಾಲಸ್ವಾಮಿಯ ಹೊಲದ ಬಾವಿಯಲ್ಲಿ ಸೆಲೆ ಸಿಕ್ಕ ದಿನ ಯಜಮಾನ ಗಂಗಮ್ಮನ ಪೂಜೆ ಇಟ್ಟುಕೊಂಡ. ಉಚ್ಚಂಗೆಪ್ಪನ ಹೆಂಡತಿ ಬೊಮ್ಮಮ್ಮ ಊರಿಂದ ಬಂದು ಕಡುಬು ಮಾಡಿದಳು. ಎಡೆ ಆದಮೇಲೆ ಎಲ್ಲರಿಗೂ ಬಡಿಸಿದಳು. ಎಡೆಯದ್ದನ್ನು ಸಾಮೇಲಪ್ಪ ಯಾವತ್ತೂ ಉಣ್ಣುತ್ತಿರಲಿಲ್ಲ. ಹೊಟ್ಟೆ ತುಂಬೈತವ್ವಾ ಎಂದು ನಕ್ಕು ಕೈ ಮುಗಿದುಬಿಡುತ್ತಿದ್ದ, ಅದು ಅಲ್ಲಿಗೆ ಮುಗಿಯುತ್ತಿತ್ತು. ಆ ದಿನ ಮಾತ್ರ, ಹಿಂದಿನ ಭಾನುವಾರ ಕೇಳಿದ ಗಟ್ಟಿ ಬೋಧನೆ ತಲೆಯಲ್ಲಿತ್ತೋ, ನಾಲ್ಕು ಜನ ನೋಡುತ್ತಿದ್ದಾರೆಂಬ ಬಿಗುಮಾನವೋ, ತಟ್ಟೆಯನ್ನು ಅಂಗೈಯಿಂದ ಆಚೆ ತಳ್ಳಿ, ಇದು ನನಗ ಹೊಲಸು ಅಂದುಬಿಟ್ಟ. ಬೊಮ್ಮಮ್ಮ ತಟ್ಟೆ ಎತ್ತಿಕೊಂಡು ಹೊಲದ ಗುಡಿಸಲೊಳಗೆ ಹೋದವಳು ಮತ್ತೆ ಹೊರಗೆ ಬರಲಿಲ್ಲ.

ಮರುದಿನ ಬೆಳಗ್ಗೆ ಕರ್ಪೂರ ಆಯಿತು. ಆಳುಗಳು ಟವೆಲ್ ತೆಗೆದರು. ಆಗಲೇ ಬುಟ್ಟಿಗೆ ಕಾಲಿಟ್ಟಿದ್ದ ಉಚ್ಚಂಗೆಪ್ಪ ಕೈ ಅಡ್ಡ ಹಿಡಿದ.

"ಬ್ಯಾಡ ಬಿಡು. ನಮ್ಮದು ನಿನಗ ಹೊಲಸು ಅಂದಮ್ಯಾಲ ನಿನ್ನ ಪ್ರಾರ್ಥನಿ ನನಗ್ಯಾಕಲೇ? ಹಗ್ಗ ಬಿಡು."

ಸಾಮೇಲಪ್ಪ ಹಗ್ಗ ಬಿಡುತ್ತ ಬುಟ್ಟಿ ಇಳಿಸಿದ. ತುಟಿ ಬಿಗಿಹಿಡಿದಂತೆ ಎದೆಯನ್ನೂ ಬಿಗಿಹಿಡಿದ. ಬೇಡವೆಂದವನಿಗೆ ಬೇಡ, ಇವತ್ತೊಂದು ದಿನ ಪ್ರಾರ್ಥನೆ ಇಲ್ಲದೆ ಇಳಿದು ನೋಡಲಿ ಎಂದುಕೊಂಡ. ಬುಟ್ಟಿ ತಳ ಮುಟ್ಟಿದ್ದು ಕೈಗೆ ಗೊತ್ತಾಯಿತು. ಬಿಸಿಲು ಬಾವಿಯೊಳಕ್ಕೆ ಇಣುಕುವ ಹೊತ್ತಿಗೆ, ಹೊಸ ನೀರು ಕುಡಿದು ಸಡಿಲಾಗಿದ್ದ ಪಕ್ಕದ ಬಂಡೆ ಕಳಚಿ ಕೆಳಗಿದ್ದವನ ಮೇಲೆ ಬಿತ್ತು. ಅದೇ ಬುಟ್ಟಿಯಲ್ಲಿ, ಅದೇ ಹಗ್ಗದಲ್ಲಿ, ಉಚ್ಚಂಗೆಪ್ಪನನ್ನು ಮೇಲಕ್ಕೆ ಎಳೆದವನು ಸಾಮೇಲಪ್ಪನೇ. ಬೇರೆಯವರ ಕೈಗೆ ಹಗ್ಗ ಕೊಡಲಿಲ್ಲ. ಅಷ್ಟು ಹಗುರ ಅವನು ಯಾವತ್ತೂ ಇರಲಿಲ್ಲ ಅನ್ನಿಸಿತು.

ಮಣ್ಣಾಯಿತು, ದಿನಗಳಾದವು. ಆಳುಗಳು ಅವನನ್ನು ಒಂದು ಮಾತೂ ಅನ್ನಲಿಲ್ಲ. ಬಾಯಲ್ಲಿ ಅನ್ನದಿದ್ದರೂ ಮನಸಿನಾಗ ಬೇಡಿಕೊಂಡೇ ಇರ್ತಾನ, ಬಿಡುವ ಮನುಷ್ಯ ಅಲ್ಲ ಎಂದು ತಮ್ಮತಮ್ಮಲ್ಲೇ ಹೇಳಿಕೊಂಡು ಅವನಿಗೆ ಬೀಡಿ ಕೊಟ್ಟರು, ಚಾ ಕೊಟ್ಟರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದನೇನೋ. ಕಡೆಗೊಂದು ಸಂಜೆ ಎದ್ದು ಬೊಮ್ಮಮ್ಮನ ಮನೆಗೆ ಹೋದ.

ಅವಳು ಕಟ್ಟೆಗೆ ಚಾಪೆ ಹಾಕಿದಳು. ಚೊಂಬು ತಂದಿಟ್ಟು, "ಕುಡಿ. ಇದಕ್ಕ ಯಾರೂ ಪೂಜಿ ಮಾಡಿಲ್ಲ" ಅಂದಳು.

ಸಾಮೇಲಪ್ಪ ಚೊಂಬು ಹಿಡಿದು ಕೂತ. ಬೊಮ್ಮಮ್ಮ ಬಾಗಿಲಿಗೆ ಒರಗಿ ಕೇಳಿದಳು.

"ಅವ ಬ್ಯಾಡ ಅಂದನಂತ. ಸಿಟ್ಟು ಅವಂದು. ನೀ ಒಳಗೊಳಗ ಕೇಳಿಕೊಂಡಿದ್ದಿ ಹೌದಲ್ಲ? ಅಷ್ಟು ಗೊತ್ತಾದ್ರ ನನಗ ಒಂದಿಷ್ಟು ನಿದ್ದಿ ಬರ್ತತಿ."

ಹೂಂ ಅಂದುಬಿಟ್ಟರೆ ಒಂದು ಜೀವಕ್ಕೆ ನಿದ್ದೆ. ಸುಳ್ಳೂ ಕೆಲವೊಮ್ಮೆ ಕರುಣೆಯ ಅಂಗಿ ತೊಟ್ಟುಕೊಂಡು ಬಂದು ಬಾಗಿಲಲ್ಲಿ ನಿಲ್ಲುತ್ತದೆ. ಅವಳ ಮುಖ ನೋಡಿದ; ಅವಳ ಗಂಡನಿಗೆ ಪ್ರಾರ್ಥನೆ ಕೊಡದೆ ಇಟ್ಟುಕೊಂಡದ್ದರ ಮೇಲೆ ನಿಜವನ್ನೂ ಅವಳಿಂದ ಕಸಿಯಲಾರೆ ಅನ್ನಿಸಿತು.

"ಇಲ್ಲವ್ವಾ," ಅಂದ. "ಕೇಳಿಕೊಳ್ಳಲಿಲ್ಲ. ಒಳಗೂ ಇಲ್ಲ."

ಬೊಮ್ಮಮ್ಮ ಅಳಲಿಲ್ಲ. ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ, ಯಾರಿಗೋ ಹೇಳುವವಳಂತೆ ಹೇಳಿದಳು.

"ದಿನಾ ನನ್ನ ಕಡಿಂದ ಎರಡು ಕರ್ಪೂರ ಕಟ್ಟಿಸಿಕೊಂಡು ಹೋಗ್ತಿದ್ದ. ಒಂದು ತನ್ನ ಹೆಸರಿಗೆ. ಇನ್ನೊಂದು ನಿನ್ನ ಹೆಸರಿಗೆ. ಸಾಮೇಲಗ ಆ ತಾಯಿ ಹತ್ರ ಬೇಡೋಕ ಬರಾಂಗಿಲ್ಲ, ಅವನ ಕೈ ಗಟ್ಟಿ ಇರಲಿ ಅಂತ ನಾನ ಕೇಳ್ತೀನಿ ಅಂತಿದ್ದ. ಅವತ್ತು ಮುಂಜಾನಿ ಒಂದ ಕೊಟ್ಟೆ. ನೀ ತಟ್ಟಿ ತಳ್ಳಿದ ಸಂಕಟ ನನಗಿತ್ತು. ನನ್ನ ಬೈದು, ಕೈ ಚಾಚಿ ಇನ್ನೊಂದು ಇಸಕೊಂಡು ಹೋದ."

ಇಷ್ಟು ವರ್ಷ ಅವನು ಮುಖ ತಿರುಗಿಸಿ ನೋಡಿದ್ದು ಬರೀ ಜಾಲಿಗಿಡ. ಬೆನ್ನ ಹಿಂದೆ ದಿನವೂ ತನ್ನ ಹೆಸರಿನಲ್ಲಿ ಒಂದು ದೀಪ ಉರಿದು ಆರಿತ್ತು.

ಸಾಮೇಲಪ್ಪ ತಲೆಯ ಟವೆಲ್ ತೆಗೆದ. ಪ್ರಾರ್ಥನೆಗೆ ಬಾಯಿ ತೆರೆದ. ಹಗ್ಗ ಉಜ್ಜಿದ ಗಾಯ ಇನ್ನೂ ಮಾಯದ ಎರಡು ಅಂಗೈ ಮೊಣಕಾಲ ಮೇಲೆ ತೆರೆದು ಬಿದ್ದಿದ್ದವು. ಬೊಮ್ಮಮ್ಮ ಸೆರಗನ್ನು ತಲೆ ಮೇಲೆ ಎಳೆದುಕೊಂಡು, ಆ ಪ್ರಾರ್ಥನೆಯ ಮೊದಲ ಮಾತಿಗಾಗಿ ಕಾಯುತ್ತ ನಿಂತೇ ಇದ್ದಳು.