ಎರಡನೇ ಪ್ಲಾಟ್‌ಫಾರ್ಮಿನ ಕೊನೆಯ ಗೋಡೆ

"ಸ್ವಲ್ಪ ತಲೆ ಕಡೆ ಎತ್ತಿ... ಇನ್ನೂ... ಹಾಂ, ಈಗ ತಿರುಗಿಸಿ."

ತಿರುಗಲಿಲ್ಲ. ಮೆಟ್ಟಿಲಿನ ತಿರುವಿನಲ್ಲಿ ಸ್ಟ್ರೆಚರ್ ಅಡ್ಡಡ್ಡ ಸಿಕ್ಕಿಕೊಂಡು, ಒಂದು ತುದಿ ಗೋಡೆಗೂ ಇನ್ನೊಂದು ತುದಿ ಕಂಬಿಗೂ ತಗುಲಿ ನಿಂತುಬಿಟ್ಟಿತು. ಮಗಳು ಕೆಳಗಿನ ಮೆಟ್ಟಿಲಲ್ಲಿ ನಿಂತು, ಅಮ್ಮನ ಕಾಲು ಜಾರದಂತೆ ಎರಡೂ ಕೈಯಿಂದ ಹಿಡಿದಿದ್ದಳು. ಬಿಳಿ ಬಟ್ಟೆಯ ಮೇಲಿನಿಂದಲೂ ಮೂಳೆ ಕೈಗೆ ಒತ್ತುತ್ತಿತ್ತು.

"ಈ ಮನೆ ಕಟ್ಟಿದವನಿಗೆ ಇಲ್ಲೂ ಜನ ಸಾಯ್ತಾರೆ ಅಂತ ಹೊಳೀಲೇ ಇಲ್ಲ ಅನ್ಸುತ್ತೆ," ಎಂದ ಶವದ ವ್ಯಾನಿನ ಡ್ರೈವರ್. ಅಂದ ಮೇಲೆ ನಾಲಿಗೆ ಕಚ್ಚಿಕೊಂಡ.

"ಪರವಾಗಿಲ್ಲ ಬಿಡಪ್ಪ," ಎಂದರು ಮೇಲೆ ತಲೆ ಕಡೆ ಹಿಡಿದಿದ್ದ ಟಿಕೆಟ್ ಸಾಹೇಬರು. "ಬದುಕಿದ್ದಾಗಲೂ ಹೀಗೇ. ಇದ್ದ ಜಾಗ ಬಿಟ್ಟು ಕದಲಿದವಳಲ್ಲ." ನೆಲದಡಿಯ ರೈಲು ಸ್ಟೇಷನ್ನಿನಲ್ಲಿ ಟಿಕೆಟ್ ಕಿಟಕಿಯ ಹಿಂದೆ ಕೂತೇ ಅವರ ಆಯುಷ್ಯ ಸವೆದಿತ್ತು. ಮಷೀನು ಬಂದ ಮೇಲೆ ಮನೆ ಸೇರಿದ್ದರು.

ಕೊನೆಗೆ ಸ್ಟ್ರೆಚರನ್ನು ಓರೆ ಮಾಡಿ ಇಳಿಸಬೇಕಾಯಿತು. ಕೆಳಗೆ ಹೆಚ್ಚು ಜನವೇನೂ ಇರಲಿಲ್ಲ. ಅಕ್ಕಪಕ್ಕದ ಮನೆಯವರು ಬಾಗಿಲಲ್ಲೇ ನಿಂತಿದ್ದರು. ಪಾಳಿ ಮುಗಿಸಿ ನೇರವಾಗಿ ಬಂದಿದ್ದ ಇಬ್ಬರು ಹೆಂಗಸರು ಸ್ಟೇಷನ್ನಿನ ನೀಲಿ ಸಮವಸ್ತ್ರದಲ್ಲೇ ಇದ್ದರು.

"ಗೋಡೆಯಮ್ಮನೇ ನಂಗೆ ಕೆಲಸ ಕಲಿಸಿದ್ದು," ಎಂದಳು ಅವರಲ್ಲೊಬ್ಬಳು. "ಎಲ್ಲಿ ಬೇಕಾದ್ರೂ ಒರೆಸ್ಕೋ, ಆ ಕೊನೇ ಗೋಡೆ ಮಾತ್ರ ಮುಟ್ಟಬೇಡ, ಅದು ನಂದು ಅಂದಿದ್ರು."

"ಯಾಕೆ ಅಂತ ಕೇಳಲಿಲ್ವಾ?" ಎಂದಳು ಪಕ್ಕದ ಮನೆಯಾಕೆ.

"ಅವರ ಮುಖ ನೋಡಿದ್ರೆ ಕೇಳೋ ಧೈರ್ಯ ಬರ್ತಿರಲಿಲ್ಲ."

ದೂರದಲ್ಲಿ ದೀಪದ ಕಂಬಕ್ಕೆ ಒರಗಿ ಒಬ್ಬ ಮುದುಕ ಉಸಿರು ಸುಧಾರಿಸಿಕೊಳ್ಳುತ್ತಿದ್ದ. ಅವನು ಸುರಂಗದ ಮಾವ. ರಕ್ತಸಂಬಂಧವೇನೂ ಇಲ್ಲ. ಅಪ್ಪನ ಜೊತೆ ಒಂದೇ ಪಾಳಿಯಲ್ಲಿ ಮಣ್ಣು ತೋಡಿದವನು. ಮಗಳು ಕೈ ಹಿಡಿದು ಅವನನ್ನು ವ್ಯಾನಿನ ಹಿಂಭಾಗಕ್ಕೆ ಹತ್ತಿಸಿ, ಅಮ್ಮನ ಪಕ್ಕದ ಬೆಂಚಿನ ಮೇಲೆ ಕೂರಿಸಿದಳು.

*

ಆ ಸ್ಟೇಷನ್ ಇಲ್ಲದ ಕಾಲದಲ್ಲಿ ಅಲ್ಲೊಂದು ಬಟ್ಟೆ ಅಂಗಡಿಗಳ ಬೀದಿಯಿತ್ತಂತೆ. ಮಗಳು ಇನ್ನೂ ತೊದಲುತ್ತಿದ್ದಾಗ ಬೀದಿಗೆ ಬೀದಿಯನ್ನೇ ಅಗೆದು, ಸುತ್ತ ತಗಡಿನ ಬೇಲಿ ಹಾಕಿದರು. ಅಪ್ಪ ದಿನಾ ಆ ಬೇಲಿಯೊಳಗೆ ಇಳಿದು ಹೋಗುತ್ತಿದ್ದ. ಒಂದು ದಿನ ಸುರಂಗದ ಮೇಲ್ಭಾಗ ಕುಸಿಯಿತು. ಒಳಗಿದ್ದವರಲ್ಲಿ ಸುರಂಗದ ಮಾವ ಹೊರಗೆ ಬಂದ. ಅಪ್ಪ ಬರಲಿಲ್ಲ. ಹುಡುಕುವಷ್ಟು ಹುಡುಕಿ, ಇನ್ನು ಅಗೆದರೆ ಮೇಲಿನ ರಸ್ತೆಯೂ ಕುಸಿಯುತ್ತದೆ ಎಂದು ಕಾಂಕ್ರೀಟು ಸುರಿದು ಮುಚ್ಚಿಬಿಟ್ಟರು. ಅಮ್ಮ ತಗಡಿನ ಬೇಲಿಯನ್ನು ಅಂಗೈ ಒಡೆಯುವ ತನಕ ಬಡಿದಳು.

ಸ್ಟೇಷನ್ ತೆರೆದಾಗ ಅವಳಿಗೆ ಅಲ್ಲೇ ನೆಲ ಒರೆಸುವ ಕೆಲಸ ಸಿಕ್ಕಿತು. ಮೊದಲ ದಿನ ಊರಿಗೆ ಊರೇ ನೆಲದಡಿಗೆ ಇಳಿದಿತ್ತು. ಚಲಿಸುವ ಮೆಟ್ಟಿಲ ಮೇಲೆ ಕಾಲಿಡಲು ಹೆದರಿ ಜನ ಒಬ್ಬರನ್ನೊಬ್ಬರು ತಬ್ಬಿಕೊಂಡು ನಗುತ್ತಿದ್ದರು. ಆ ನೂಕುನುಗ್ಗಲಿನ ನಡುವೆ ಅಮ್ಮ ಮೇಸ್ತ್ರಿಯನ್ನು ಹಿಡಿದು ನಿಲ್ಲಿಸಿ, "ನನ್ನ ಗಂಡ ಎಲ್ಲಿ?" ಎಂದು ಕೇಳಿದಳು. ಅವನಿಗೆ ತಪ್ಪಿಸಿಕೊಂಡು ಹೋದರೆ ಸಾಕಾಗಿತ್ತು. "ಎರಡನೇ ಪ್ಲಾಟ್‌ಫಾರ್ಮಿನ ಕೊನೆ ಇದೆಯಲ್ಲ, ಆ ಗೋಡೆ ಹಿಂದೆ," ಎಂದು ಕೈ ತೋರಿಸಿದ.

ಅಂದಿನಿಂದ ಮಗಳಿಗೆ ಅಪ್ಪನೆಂದರೆ ಆ ಗೋಡೆಯ ಕೆನೆಬಣ್ಣದ ಟೈಲ್ಸ್. ಶಾಲೆ ಬಿಟ್ಟವಳು ನೇರ ಸ್ಟೇಷನ್ನಿಗೆ ಬರುತ್ತಿದ್ದಳು. "ಅಪ್ಪನಿಗೆ ಹೇಳು," ಎನ್ನುತ್ತಿದ್ದಳು ಅಮ್ಮ. ಹಲ್ಲು ಬಿದ್ದದ್ದು, ಲೆಕ್ಕದಲ್ಲಿ ಫೇಲಾದದ್ದು, ಗೆಳತಿ ಠೂ ಬಿಟ್ಟದ್ದು, ಎಲ್ಲವನ್ನೂ ಹೇಳುತ್ತಿದ್ದಳು. ನಡುವೆ ಗಾಡಿ ಬಂದರೆ ಅಮ್ಮ ಭುಜ ಹಿಡಿದು ತಡೆಯುತ್ತಿದ್ದಳು. "ರೈಲು ಹೋಗ್ಲಿ ತಡಿ. ಅಪ್ಪನಿಗೆ ಕೇಳ್ಸಲ್ಲ."

ದೊಡ್ಡವಳಾದ ಮೇಲೆ ನಾಚಿಕೆಯಾಗುತ್ತಿತ್ತು. ಆದರೂ ಅಮ್ಮನ ಮನಸ್ಸು ನೋಯದಿರಲಿ ಎಂದು ಬಂದು ನಿಂತು ಎರಡು ಮಾತು ಗೊಣಗಿ ಹೋಗುತ್ತಿದ್ದಳು. ಒಂದೇ ಒಂದು ಸಲ ತನ್ನಷ್ಟಕ್ಕೆ ತಾನೇ ಬಂದಿದ್ದಳು. ಹೊಟ್ಟೆಯಲ್ಲೇ ಮಗು ಹೋದ ವಾರ ಅದು. ಟೈಲ್ಸಿಗೆ ಹಣೆ ಒತ್ತಿ ಅತ್ತಳು. ಅಮ್ಮ ನೀರಿನ ಬಕೆಟ್ಟನ್ನು ದಾರಿಗೆ ಅಡ್ಡ ಇಟ್ಟು, ಒರೆಸುವ ಕೋಲು ಹಿಡಿದು ಕಾವಲು ನಿಂತಳು. "ನೆಲ ಒದ್ದೆ ಇದೆ, ಆ ಕಡೆಯಿಂದ ಹೋಗಿ," ಎಂದು ಬಂದವರನ್ನೆಲ್ಲ ತಿರುಗಿಸಿ ಕಳಿಸಿದಳು.

ಆಮೇಲೆ ಸ್ಟೇಷನ್ನನ್ನು ಹೊಸದಾಗಿ ಮಾಡಿದರು. ಲಿಫ್ಟು ಬಂತು, ಹಳಿಯ ಅಂಚಿಗೆ ಗಾಜಿನ ಬಾಗಿಲು ಬಂತು. ಕೊನೆಯ ಗೋಡೆಯ ಮೇಲೆ ಹಾಸಿಗೆಯ ದೊಡ್ಡ ಜಾಹೀರಾತು ಬಂದು ಕೂತಿತು. "ನೋಡು, ನಿಮ್ಮಪ್ಪನಿಗೆ ಈಗಲಾದ್ರೂ ಮೆತ್ತನೆ ಹಾಸಿಗೆ ಸಿಕ್ತು," ಎಂದು ಅಮ್ಮ ನಕ್ಕಳು. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ.

ಡಾಕ್ಟರು ಕಡ್ಡಿ ಮುರಿದಂತೆ ಹೇಳಿದರು, ಆ ಧೂಳಿನ ಗಾಳಿಯಿಂದ ಹೊರಗೆ ಬರಬೇಕು ಎಂದು. ನೆಲದ ಮೇಲೆ ರೈಲು ನಿಲ್ಲಿಸುವ ಡಿಪೋದಲ್ಲಿ ಗಿಡಗಳಿಗೆ ನೀರು ಹಾಕುವ ಕೆಲಸ ಕೊಡಲು ಮೇಲಿನವರೂ ಒಪ್ಪಿದ್ದರು. ಮಗಳು ಬೇಡಿದಳು, ಜಗಳವಾಡಿದಳು, ಒಂದು ತಿಂಗಳು ಮಾತು ಬಿಟ್ಟಳು.

"ಅವರೊಬ್ಬರನ್ನೇ ಅಲ್ಲಿ ಬಿಟ್ಟು ಹೇಗೆ ಬರಲೇ?" ಎಂದಳು ಅಮ್ಮ.

*

ಮುಂದೆ ಡ್ರೈವರ್ ಪಕ್ಕ ಕೂತಿದ್ದ ಟಿಕೆಟ್ ಸಾಹೇಬರು ಅವನಿಗೆ ಹೇಳಿ ಸ್ಟೇಷನ್ನಿನ ಮುಂದೆ ವ್ಯಾನು ನಿಲ್ಲಿಸಿದರು. ಕಾವಲಿನವನು ಓಡಿಬಂದ.

"ಇಲ್ಲಿ ನಿಲ್ಲಿಸೋ ಹಾಗಿಲ್ಲ ಸಾರ್."

"ಇಲ್ಲೇ ಕೆಲಸ ಮಾಡ್ತಿದ್ದವಳು ಕಣಯ್ಯ. ಒಂದು ಗಳಿಗೆ ನಿಂತು ಹೋಗ್ತೀವಿ."

"ಯಾವ ಏಜೆನ್ಸಿ ಕಡೆಯವರು?"

ಸಾಹೇಬರೂ ಅಮ್ಮನೂ ಕೆಲಸಕ್ಕೆ ಸೇರಿದಾಗ ಆಳುಗಳನ್ನು ಗುತ್ತಿಗೆಗೆ ಕೊಡುವ ಏಜೆನ್ಸಿ ಎಂಬುದೇ ಇರಲಿಲ್ಲ. ಹಿಂದಿನ ಗಾಡಿಯವನು ಹಾರ್ನ್ ಒತ್ತಿದ. ಹಿಂದಿನ ಕಿಟಕಿಯಿಂದ ಮಗಳು ತಲೆ ಹೊರಗೆ ಹಾಕಿದಳು.

"ದಯವಿಟ್ಟು ಅಣ್ಣಾ. ನಮ್ಮಪ್ಪ ಇಲ್ಲೇ ಇದ್ದಾರೆ. ಅಮ್ಮ ಅವರಿಗೆ ಹೇಳಿ ಹೋಗ್ಬೇಕು."

ಕಾವಲಿನವನು ಅವಳ ಮುಖವನ್ನೊಮ್ಮೆ, ಒಳಗಿನ ಬಿಳಿ ಬಟ್ಟೆಯನ್ನೊಮ್ಮೆ ನೋಡಿ, ಮುಂದೆ ಹೋಗಿ ಎಂದು ಕೈ ಬೀಸಿದ. ವ್ಯಾನು ಹೊರಟಿತು.

ಸುರಂಗದ ಮಾವ ಬೆಂಚಿನ ಅಂಚು ಹಿಡಿದು ತಲೆ ತಗ್ಗಿಸಿ ಕೂತಿದ್ದ. "ನಿಮ್ಮಪ್ಪ ಅಲ್ಲಿಲ್ಲ ಮಗಳೇ," ಎಂದ.

"ಏನಂದ್ರಿ ಮಾವ?"

"ಕುಸಿದ ಮೇಲೆ ಆ ಸುರಂಗ ಕೈಬಿಟ್ರು. ದಾರೀನೇ ಬೇರೆ ಕಡೆ ತಿರುಗಿಸಿ ಸ್ಟೇಷನ್ ಕಟ್ಟಿದ್ರು. ಆ ಗೋಡೆ ಹಿಂದೆ ಕರೆಂಟಿನ ವೈರು, ಮಣ್ಣು, ಅಷ್ಟೇ."

ಮಗಳ ಕೈ ಅಮ್ಮನ ಬಟ್ಟೆಯ ಮೇಲಿತ್ತು. "ಅಮ್ಮನಿಗೆ ಗೊತ್ತಿತ್ತಾ?"

"ಗೊತ್ತಿತ್ತು. ನೀನು ಶಾಲೆಗೆ ಹೋಗೋ ಕಾಲದಲ್ಲೇ ಹೇಳ್ದೆ. ಕರ್ಕೊಂಡು ಹೋಗಿ ಜಾಗಾನೂ ತೋರಿಸ್ದೆ. ನಾಕು ರಸ್ತೆ ಸೇರೋ ಸರ್ಕಲ್ಲು ಅದು. ತುಂಬಾ ಹೊತ್ತು ನೋಡ್ತಾ ನಿಂತಿದ್ಲು. ಆಮೇಲೆ, ಅಣ್ಣಾ, ಇಲ್ಲಿ ಎಲ್ಲಿ ಅಂತ ನಿಂತ್ಕೊಳ್ಲಿ, ಬಸ್ಸು ಮೈಮೇಲೇ ಬರುತ್ತೆ, ಅಲ್ಲಾದ್ರೆ ಒಂದು ಗೋಡೆ ಇದೆ ಅಂದ್ಲು. ಮಗು ಆಗ್ಲೇ ಅಪ್ಪನ ಜೊತೆ ಮಾತಾಡೋದು ಕಲ್ತುಬಿಟ್ಟಿದೆ, ಅವಳಿಗೆ ಹೇಳ್ಬೇಡ ಅಂತ ಆಣೆ ಹಾಕಿಸ್ಕೊಂಡ್ಲು."

ವ್ಯಾನು ಕುಲುಕಿದಾಗ ಅಮ್ಮನ ತಲೆ ಒಂದಿಷ್ಟು ವಾಲಿತು. ಮಗಳು ಅದನ್ನು ಸರಿಮಾಡಿದಳು.

"ನಾನು ಅಲ್ಲಿಗೆ ಹೋಗ್ತಿದ್ದದ್ದು ಅಮ್ಮನಿಗೋಸ್ಕರ ಮಾವ," ಎಂದಳು. "ಅಮ್ಮ ಬೇಜಾರು ಮಾಡ್ಕೋತಾಳೆ ಅಂತ."

ಮುದುಕ ಕಣ್ಣೆತ್ತಲಿಲ್ಲ.

"ನಂಗೆ ಆ ಗೋಡೆ ಬೇಡ ಅಂತ ಒಂದು ಮಾತು ಹೇಳಿದ್ದಿದ್ರೆ ಅವಳು ಮೇಲೆ ಬರ್ತಿದ್ಲಾ?"

ಅವನು ಕೆಮ್ಮಿದ. ಅದೂ ಅಮ್ಮನದೇ ಕೆಮ್ಮು. ವ್ಯಾನು ನಿಧಾನವಾಗಿ ಒಂದು ಸರ್ಕಲ್ಲಿನ ಕೆಂಪು ದೀಪದ ಮುಂದೆ ಬಂದು ನಿಂತಿತು. ಮುದುಕ ಕಿಟಕಿಯಾಚೆ ನೋಡಿದ. ಮಗಳು ಅವನ ಮುಖ ನೋಡಿದಳು.

"ಇಲ್ಲೇನಾ?"

ಅವನು ಹೂಂ ಎಂದ.

ಅವಳು ಚಿಲಕ ತೆಗೆದು ಕೆಳಗೆ ಹಾರಿದಳು. ಎಲ್ಲ ಕಡೆಯೂ ಗಾಡಿಗಳು, ಹೊಗೆ, ಬಿಸಿಲಿಗೆ ಮೆತ್ತಗಾದ ಟಾರು. ಎಲ್ಲಿ ಎಂದು ಗೊತ್ತಾಗದೆ ಅತ್ತ ಎರಡು ಹೆಜ್ಜೆ ಹೋಗಿ ಇತ್ತ ಬಂದಳು. ಕೊನೆಗೆ ಒಂದು ಕಾರಿಗೂ ಒಂದು ಸ್ಕೂಟರಿಗೂ ನಡುವೆ ಕುಕ್ಕರಗಾಲಲ್ಲಿ ಕೂತು ಅಂಗೈಯನ್ನು ರಸ್ತೆಯ ಮೇಲೆ ಒತ್ತಿದಳು. ಸುಟ್ಟಿತು. ತೆಗೆಯಲಿಲ್ಲ.

ಸ್ಕೂಟರಿನವನು ಬಾಗಿ ನೋಡಿದ. "ಏನು ಕಳ್ಕೊಂಡ್ರಮ್ಮಾ?"

ಅಷ್ಟರಲ್ಲಿ ಹಸಿರು ದೀಪ ಬಂತು. ಹಿಂದಿನವರೆಲ್ಲ ಒಟ್ಟಿಗೆ ಹಾರ್ನ್ ಒತ್ತಿದರು. ಅವಳು ಇಳಿದದ್ದನ್ನು ಅರಿಯದ ಡ್ರೈವರ್ ವ್ಯಾನು ಮುಂದಕ್ಕೆ ಬಿಟ್ಟ. ಹಿಂದಿನ ಬಾಗಿಲು ತೆರೆದೇ ಇತ್ತು. ಒಳಗಿನಿಂದ ಮುದುಕನ ಒಂದು ಕೈ ಹೊರಚಾಚಿ ಗಾಳಿಯಲ್ಲಿ ತಡಕಾಡುತ್ತಿತ್ತು, ಬಿಳಿ ಬಟ್ಟೆಯ ಅಂಚು ಪಟಪಟ ಹೊಡೆದುಕೊಳ್ಳುತ್ತಿತ್ತು. ಸರ್ಕಲ್ಲು ದಾಟುವವರೆಗೆ ಅದು ಕಾಣುತ್ತಲೇ ಇತ್ತು. ಆಮೇಲೆ ಒಂದು ಬಸ್ಸು ಅಡ್ಡ ಬಂತು.