ಒಣಗಿದ ಮೇಲಿನ ತೂಕ

ಸೋಪಿನ ತೂಕದ ಹೊಸ ಕಾನೂನು ಬಂದಾಗ ಎಲ್ಲರಿಗಿಂತ ಹೆಚ್ಚು ಹಿಗ್ಗಿದವರು ದೊಡ್ಡ ಫ್ಯಾಕ್ಟರಿಯವರು. ಹಿಗ್ಗದೆ ಏನು, ಸರ್ಕಾರದ ಬೆನ್ನು ಬಿದ್ದು ಅದನ್ನು ಮಾಡಿಸಿದ್ದೇ ಅವರು. ಸೋಪಿನ ಮೇಲೆ ನೂರು ಗ್ರಾಂ ಎಂದಿದ್ದರೆ ಗಿರಾಕಿಯ ಕೈ ಸೇರುವಾಗಲೂ ನೂರು ಗ್ರಾಂ ಇರಲೇಬೇಕು. ಕಡಿಮೆ ಬಿದ್ದರೆ ಮಾಲೆಲ್ಲ ವಾಪಸ್, ಸರಿಪಡಿಸುವ ತನಕ ಮಾರಾಟ ಬಂದ್. ಕೈಯಲ್ಲಿ ಕೊಯ್ಯುವ ಸಣ್ಣಪುಟ್ಟವರೆಲ್ಲ ಇದರಲ್ಲೇ ಮುಗಿದುಹೋಗುತ್ತಾರೆ ಎಂಬುದು ಫ್ಯಾಕ್ಟರಿಯವರ ಎಣಿಕೆ.

ಆ ಸಣ್ಣಪುಟ್ಟವರಲ್ಲಿ ಈ ಅತ್ತೆ ಸೊಸೆಯೂ ಸೇರಿದ್ದರು. ಮನೆಯ ಹಿಂದಿನ ಎರಡು ಕೋಣೆಗಳೇ ಅವರ ಕಾರ್ಖಾನೆ. ಒಂದರಲ್ಲಿ ಎಣ್ಣೆ, ಕಾಸ್ಟಿಕ್ ಸೋಡಾ ಕಲಸಿ ಅಚ್ಚಿಗೆ ಹೊಯ್ಯುವುದು, ಇನ್ನೊಂದರಲ್ಲಿ ಸೋಪುಗಳನ್ನು ಮರದ ಹಲಗೆಗಳ ಮೇಲೆ ಜೋಡಿಸಿ ಎರಡು ತಿಂಗಳು ಒಣಗಿಸುವುದು. ಗಟ್ಟಿಯಾದ ಮುದ್ದೆಯನ್ನು ತಂತಿಯಿಂದ ಕೊಯ್ಯುವ ಕೆಲಸ ಮೂವತ್ತು ವರ್ಷದಿಂದ ಅತ್ತೆಯದು. ಕಾಗದ ಸುತ್ತಿ, ‘ನೂರು ಗ್ರಾಂ’ ಎಂದು ರಬ್ಬರ್ ಮೊಹರು ಒತ್ತಿ, ಅಂಗಡಿಗಳಿಗೆ ಹಾಕಿ ಬರುವುದು ಸೊಸೆಯದು. ಅತ್ತೆಯ ತಕ್ಕಡಿ ಕಣ್ಣಲ್ಲೇ ಇತ್ತು; ಅವರು ಒಂದು ಸೋಪನ್ನೂ ತೂಗಿದವರಲ್ಲ.

ಕಾನೂನಿನ ಸುದ್ದಿ ಕೇಳಿ ಸೊಸೆ ಗಾಬರಿಯಾದಳು. ಅವತ್ತೇ ಎಲೆಕ್ಟ್ರಾನಿಕ್ ತಕ್ಕಡಿ ತಂದಳು. ಅತ್ತೆ ಆಗ ತಾನೇ ಕೊಯ್ದ ತುಂಡನ್ನು ಅದರ ಮೇಲಿಟ್ಟರೆ ನೂರ ಹದಿನೇಳು!

“ಅಯ್ಯೋ ಅತ್ತೆ, ಧರ್ಮಕ್ಕೆ ಹಂಚ್ತಾ ಇದ್ದೀರಲ್ಲ! ಇನ್ಮೇಲೆ ಸರಿಯಾಗಿ ನೂರು. ಒಂದು ಗ್ರಾಂ ಆಚೆ ಈಚೆ ಆಗ್ಬಾರದು.”

“ಅಲ್ಲ ಕಣೇ, ಅದು ಒಣಗಿದ ಮೇಲೆ...”

“ನಿಮ್ಮ ಕಾಲದ ಮಾತು ಬೇಡ ಅತ್ತೆ. ಇದು ಸರ್ಕಾರದ ಕಾನೂನು.”

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಅತ್ತೆ ಮುಖ ಗಂಟು ಹಾಕಿಕೊಂಡು ಆರುನೂರು ಸೋಪನ್ನೂ ಕರಾರುವಾಕ್ಕಾಗಿ ನೂರು ಗ್ರಾಂಗೇ ಕೊಯ್ದು ಕೊಟ್ಟರು. ಹಟದಲ್ಲಿ ಅವರೇನೂ ಸೊಸೆಗೆ ಕಡಿಮೆಯಿರಲಿಲ್ಲ.

ಎರಡು ತಿಂಗಳು ಕಳೆಯಿತು. ತೂಕದ ಇಲಾಖೆಯ ಇನ್ಸ್‌ಪೆಕ್ಟರ್ ಮೇಡಂ ಬರುವ ದಿನ ಬೆಳಿಗ್ಗೆ ಸೊಸೆ ಒಣಗಿದ ಸೋಪೊಂದನ್ನು ತಕ್ಕಡಿಗಿಟ್ಟಳು. ಎಂಬತ್ತೆಂಟು. ತಕ್ಕಡಿ ಕೆಟ್ಟಿರಬೇಕೆಂದು ಎರಡು ಸಲ ತಟ್ಟಿ ಇನ್ನೊಂದನ್ನಿಟ್ಟಳು. ಎಂಬತ್ತೇಳು. ನೀರು ಆರಿದರೆ ಸೋಪು ಒಣಗುತ್ತದೆಂದು ಆ ಮನೆಯ ಬೆಕ್ಕಿಗೂ ಗೊತ್ತಿತ್ತು. ಆರಿಹೋಗುವ ನೀರಿಗೂ ತೂಕವಿದೆ ಎಂಬುದು ಮಾತ್ರ ಅವಳಿಗೆ ಹೊಳೆದಿರಲಿಲ್ಲ.

ಮಾರಾಟ ನಿಂತರೆ ಈ ಎರಡು ಕೋಣೆಗಳಿಗೂ ಬೀಗ ಬೀಳುವುದೇ. ತಪ್ಪು ತನ್ನದೆಂದು ಗೊತ್ತಿದ್ದುದರಿಂದ ಅಳುವೂ ಸಿಟ್ಟೂ ಒಟ್ಟಿಗೇ ಬಂದವು.

“ಗೊತ್ತಿದ್ದೂ ಯಾಕೆ ಹೇಳ್ಲಿಲ್ಲ ಅತ್ತೆ?”

“ಹೇಳೋಕೆ ಬಾಯಿ ತೆಗೆದೆ. ನೀನು ಸರ್ಕಾರನೇ ತಂದು ಅಡ್ಡ ನಿಲ್ಲಿಸಿದೆ.”

“ತಪ್ಪಾಯ್ತು ಅತ್ತೆ. ನಿಮ್ಮ ಕೈ ಕಟ್ಟಿಹಾಕಿದ್ದು ನಂದೇ ತಪ್ಪು. ಈಗೇನ್ ಮಾಡೋದು?”

ಸೊಸೆ ಅಷ್ಟು ನೇರವಾಗಿ ಒಪ್ಪಿಕೊಂಡದ್ದೇ ತಡ, ಅತ್ತೆಯ ಸಿಟ್ಟು ಜರ್ರನೆ ಇಳಿಯಿತು. ಸೋಪನ್ನು ಅಂಗೈಯಲ್ಲಿ ಆಡಿಸಿ ನೋಡಿದರು.

“ಸೋಪನ್ನ ಹಿಗ್ಗಿಸೋಕಾಗಲ್ಲ, ಮೊಹರು ಬದಲಾಯಿಸಬಹುದಲ್ಲ? ಎಂಬತ್ತೈದು ಅಂತ ಒತ್ತು, ಬೆಲೆನೂ ಅಷ್ಟಕ್ಕೇ ಇಳಿಸು. ಸುಳ್ಳು ಬರೀಬೇಡಿ ಅಂತ ತಾನೇ ಕಾನೂನು ಹೇಳೋದು?”

ಸೊಸೆ ಚಪ್ಪಲಿಯನ್ನೂ ಮೆಟ್ಟದೆ ಬೀದಿಯ ಕೊನೆಯ ಮೊಹರಿನ ಅಂಗಡಿಗೆ ಓಡಿದಳು. ಮಧ್ಯಾಹ್ನ ಇನ್ಸ್‌ಪೆಕ್ಟರ್ ಮೇಡಂ ಬಾಗಿಲಿಗೆ ಬರುವಾಗ ಕೊನೆಯ ಕಾಗದದ ಮೇಲಿನ ಶಾಯಿ ಇನ್ನೂ ಹಸಿಯಾಗಿತ್ತು. ಮೇಡಂ ಹಲಗೆಯಿಂದ ಇಪ್ಪತ್ತು ಸೋಪು ಆರಿಸಿ ತೂಗಿದರು. ಒಂದೂ ಎಂಬತ್ತೈದಕ್ಕಿಂತ ಕೆಳಗಿಳಿಯಲಿಲ್ಲ. ಅವರು ಅಂಗಡಿಗಳಿಂದ ತಂದಿದ್ದ, ಕಾನೂನಿಗೆ ಮುಂಚಿನ ಹಳೆಯ ಸೋಪುಗಳಂತೂ ನೂರಾ ಮೂರರ ಮೇಲೇ ಇದ್ದವು.

“ಹಳೇದನ್ನ ಯಾವ ಮೆಷಿನಲ್ಲಿ ಕೊಯ್ದಿದ್ರಿ?” ಎಂದು ಕೇಳಿದರು ಮೇಡಂ.

“ಅತ್ತೆ ಕೈಯಲ್ಲಿ,” ಎಂದಳು ಸೊಸೆ. ಹೇಳುತ್ತಲೇ ಹೆಮ್ಮೆಯಿಂದ ಅತ್ತೆಯನ್ನು ಹಿಡಿದು ಮುಂದಕ್ಕೆ ತಂದು ನಿಲ್ಲಿಸಿದಳು.

ಸಿಕ್ಕಿಬಿದ್ದದ್ದು ಫ್ಯಾಕ್ಟರಿ. ಬೆಳಿಗ್ಗೆ ಕೊಯ್ದ ಸೋಪನ್ನು ಸಂಜೆಯೊಳಗೆ ಡಬ್ಬಿಗೆ ತುಂಬಿ ಕಳಿಸುವುದು ಅಲ್ಲಿನ ಪದ್ಧತಿ. ಆ ಸೋಪುಗಳೆಲ್ಲ ಅಂಗಡಿಯಲ್ಲೇ ಕೂತು ಒಣಗಿ ತೊಂಬತ್ತಕ್ಕೆ ಇಳಿದಿದ್ದವು. ಅಂಕಿ ಬದಲಾಯಿಸೋಣವೆಂದರೆ ವರ್ಷಕ್ಕಾಗುವಷ್ಟು ಡಬ್ಬಿ ಮೊದಲೇ ‘ನೂರು ಗ್ರಾಂ’ ಎಂದು ಅಚ್ಚಾಗಿ ಗೋದಾಮಿನಲ್ಲಿ ಬಿದ್ದಿತ್ತು. ತಾವು ತೋಡಿದ ಹಳ್ಳಕ್ಕೆ ತಾವೇ ಬಿದ್ದರು. ಅವರ ಮಾಲೆಲ್ಲ ವಾಪಸಾಗಿ, ಒಂದೇ ವಾರದಲ್ಲಿ ಅಂಗಡಿಯವರು ಇವರ ಮನೆಗೂ, ಇಂಥದೇ ಇನ್ನೂ ಆರೇಳು ಮನೆಗಳಿಗೂ ಸೋಪು ಕೇಳಿಕೊಂಡು ಬಂದರು.

ಅವರ ಹಿಂದೆಯೇ ಬಂದ ಫ್ಯಾಕ್ಟರಿ ಮ್ಯಾನೇಜರು ಸ್ಟೂಲಿನ ತುದಿಯಲ್ಲಿ ಕೂತು ಬೆವರು ಒರೆಸಿಕೊಂಡರು.

“ಅಮ್ಮಾ, ಅಂಗಡೀಲಿಟ್ರೂ ನಿಮ್ಮ ಸೋಪಿನ ತೂಕ ಇಳಿಯಲ್ವಲ್ಲ, ಅದರ ಗುಟ್ಟೇನು?”

ಹೇಳಬೇಡಿ ಎಂದು ಸೊಸೆ ಕಣ್ಸನ್ನೆ ಮಾಡಿದಳು. ಅತ್ತೆ ಅತ್ತ ನೋಡಲೇ ಇಲ್ಲ.

“ಗುಟ್ಟೇನು ಬಂತಪ್ಪ? ಸ್ವಲ್ಪ ದೊಡ್ಡದಾಗಿ ಕೊಯ್ಯೋದು, ಎರಡು ತಿಂಗಳು ಒಣಗಿಸೋದು, ಆಮೇಲೆ ಅಂಗಡಿಗೆ ಕಳಿಸೋದು.”

“ಎರಡು ತಿಂಗಳಾ! ಅಲ್ಲೀವರೆಗೆ ಅಂಗಡೀಲಿ ನಮ್ಮ ಜಾಗ ಖಾಲಿ ಬಿದ್ದಿರುತ್ತಲ್ಲಮ್ಮಾ?”

“ಛೇ, ಖಾಲಿ ಯಾಕಿರುತ್ತೆ?” ಎಂದರು ಅತ್ತೆ. “ನಾವಿಲ್ವಾ?”